ಬಾಗಿಲ ಹಿಂದಿನ 41 ಗೆರೆ

ಡೇ ಕೇರ್ ಶುರು ಮಾಡಿ ಎರಡು ತಿಂಗಳಾಗಿತ್ತು. ಸಂಜೆ ಕೊನೆಯ ಮಗು ಮನೆಗೆ ಹೋಗುವಷ್ಟರಲ್ಲಿ ನನ್ನ ಗಂಟಲು ಕಟ್ಟಿರುತ್ತಿತ್ತು. ಶುಂಠಿ ಕಷಾಯ ಕುಡಿದೂ ಕುಡಿದೂ ಸಾಕಾಗಿ ಒಂದು ದಿನ ಅಮ್ಮನಿಗೆ ಫೋನ್ ಮಾಡಿ ಅತ್ತೇಬಿಟ್ಟೆ.

ಅಮ್ಮ ಟಿ. ನರಸೀಪುರ ತಾಲ್ಲೂಕಿನಲ್ಲಿ ಅಂಗನವಾಡಿ ಟೀಚರ್ ಆಗಿದ್ದವರು. ಅಂಗನವಾಡಿ ಯೋಜನೆ ದೇಶದ 33 ಕಡೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಶುರುವಾದದ್ದು ನಮ್ಮ ನರಸೀಪುರದಲ್ಲೇ. ಅದನ್ನ ಹೇಳುವಾಗ ಅಮ್ಮನ ದನಿ ಈಗಲೂ ಸ್ವಲ್ಪ ಏರುತ್ತದೆ. ಆವತ್ತು ಅವರು ಸಮಾಧಾನ ಗಿಮಾಧಾನ ಏನೂ ಮಾಡಲಿಲ್ಲ. "ನಾಳೆ ಒಂದಿನ, 'ಬೇಡ' ಅಂದಾಗೆಲ್ಲ ಒಂದೊಂದು ಗೆರೆ ಎಳಿ. ಎಲ್ಲಿ ನಿಂತ್ಕೊಂಡು ಅಂದೆ ಅಂತಾನೂ ಬರ್ಕೊ. ಆಮೇಲೆ ಮಾತಾಡಾನ ಕಣವ್ವ" ಅಂದರು.

ಅಡುಗೆಮನೆ ಬಾಗಿಲ ಹಿಂದೆ ಚಾಕ್‌ಪೀಸ್ ಇಟ್ಟುಕೊಂಡೆವು. ನಾನು, ಇನ್ನೊಬ್ಬ ಟೀಚರ್, ಆಯಮ್ಮ, ಮೂರು ಜನ. ಮಕ್ಕಳು 14. ಆಗ ಎಲ್ಲರೂ ಒಂದೂವರೆಯಿಂದ ನಾಲ್ಕು ವರ್ಷದೊಳಗಿನವರು. ಮಧ್ಯಾಹ್ನದ ಊಟದ ಹೊತ್ತಿಗೇ 41 ಗೆರೆ ಬಿದ್ದಿದ್ದವು. ಅದರಲ್ಲಿ 19 "ಓಡಬೇಡ". ಹತ್ತಕ್ಕಿಂತ ಜಾಸ್ತಿ "ಕಿತ್ಕೋಬೇಡ". ಉಳಿದದ್ದು ಹತ್ತಬೇಡ, ಮುಟ್ಟಬೇಡ, ಬಾಯಿಗೆ ಹಾಕ್ಕೋಬೇಡ.

ಅಮ್ಮನಿಗೆ ಓದಿ ಹೇಳಿದೆ. "ಮಕ್ಕಳಲ್ಲಿ ಏನೂ ತಪ್ಪಿಲ್ಲ, ನೀನು ಸಾಮಾನು ಜೋಡಿಸಿರೋದ್ರಲ್ಲಿ ಐತೆ" ಅಂದು ಫೋನಿಟ್ಟರು.

ಕೋಪ ಬಂತು, ಸುಳ್ಳು ಯಾಕೆ ಹೇಳಲಿ. ಅಷ್ಟೊಂದು ದುಡ್ಡು ಸುರಿದಿದ್ದೆ. ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆಗೆ ಹಿಡಿದ ಹಳೇ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ, ಗೋಡೆ ತುಂಬಾ ಆನೆ ಜಿರಾಫೆ ಸ್ಟಿಕ್ಕರ್. ಆ ಮನೆ ಹಿಡಿಸಿದ್ದೇ ಅದರ ಹಾಲ್‌ನಿಂದ. ಮುಂಬಾಗಿಲಿಂದ ಹಿತ್ತಲ ಬಾಗಿಲವರೆಗೆ 30 ಅಡಿ, ನಡುವೆ ಒಂದು ಕಂಬವೂ ಅಡ್ಡ ಇಲ್ಲ. ನನಗದು ಹಾಲ್. ಮಕ್ಕಳಿಗೆ ರಿಂಗ್ ರೋಡ್! ಅಂಥ ಜಾಗ ಬಿಟ್ಟುಕೊಟ್ಟು ಓಡಬೇಡ ಅಂದರೆ ಯಾರು ಕೇಳ್ತಾರೆ?

ಮಂಡಿ ಮೊಹಲ್ಲಾದಿಂದ ಒಬ್ಬರು ಬಡಗಿಯನ್ನ ಕರೆಸಿದೆ. ಎರಡಡಿ ಎತ್ತರದ ಮೂರು ತೆರೆದ ರ‍್ಯಾಕ್ ಬೇಕು ಅಂದೆ. "ಇಷ್ಟು ಗಿಡ್ಡಕ್ಕಾ ಮೇಡಂ? ಇನ್ನೆರಡಡಿ ಎತ್ತರಿಸಿದ್ರೆ ಸಾಮಾನು ಜಾಸ್ತಿ ಹಿಡಿಯುತ್ತೆ" ಅಂತ ಅವರ ವಾದ. ಗಿಡ್ಡಕ್ಕೇ ಬೇಕಿತ್ತು. ನಾನು ಎಲ್ಲಿ ನಿಂತರೂ ಅದರಾಚೆ ಇರುವ ಎಲ್ಲ ಮಕ್ಕಳ ತಲೆ ಕಾಣಬೇಕು, ಮಗು ನಿಂತ ಕಡೆಯಿಂದಲೇ ಕೈ ಚಾಚಿ ಬೇಕಾದ್ದು ತೆಗೆದುಕೊಳ್ಳಬೇಕು. ಮೂಲೆಗಳನ್ನೆಲ್ಲ ಉಜ್ಜಿ ಗುಂಡಗೆ ಮಾಡಿಸಿದೆ. ಒಂದೊಂದು ರ‍್ಯಾಕನ್ನೂ ಹಾಲ್‌ಗೆ ಅಡ್ಡವಾಗಿ ಇಟ್ಟು, ಎಲ್ ಕ್ಲ್ಯಾಂಪ್ ಹಾಕಿ ಗೋಡೆಗೂ ನೆಲಕ್ಕೂ ಬಿಗಿಸಿದೆವು. ಎರಡು ವರ್ಷದ ಮಗುವಿಗೆ ರ‍್ಯಾಕ್ ಅಂದರೆ ಏಣಿ. ಹತ್ತೇ ಹತ್ತುತ್ತೆ. ಹತ್ತಿದಾಗ ಅದು ಮೈಮೇಲೆ ಮಗುಚಬಾರದು. ಕೆಂಪು ನೆಲಕ್ಕೆ ಡ್ರಿಲ್ ಹಾಕಿದ್ದಕ್ಕೆ ಮಹಡಿ ಮೇಲಿನ ಓನರ್ ಅಮ್ಮ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ.

ರಿಂಗ್ ರೋಡ್ ಓಣಿ ಓಣಿಯಾಯಿತು. ಓಟ ನಿಂತಿತು. ಓಡೋ ಆಸೆ ಹೋಗಲಿಲ್ಲ, ಅದಕ್ಕೇ ದಿನಾ ಬೆಳಗ್ಗೆ ಹತ್ತಕ್ಕೆ ಎಲ್ಲರನ್ನೂ ಹಿತ್ತಲಿಗೆ ಬಿಡುತ್ತೇವೆ.

"ಕಿತ್ಕೋಬೇಡ"ಕ್ಕೆ ಮದ್ದು ಇನ್ನೂ ಸುಲಭವಾಗಿತ್ತು. ನನ್ನ ಹತ್ತಿರ 60 ತರದ ಆಟದ ಸಾಮಾನಿದ್ದವು, ಪ್ರತಿಯೊಂದೂ ಒಂದೊಂದೇ. ಎರಡು ವರ್ಷದ ಮಗುವಿಗೆ ಪಕ್ಕದವನ ಕೈಲಿರೋದೇ ಬೇಕು. ಹಂಚಿಕೊಂಡು ಆಡು ಅಂತ ಆ ವಯಸ್ಸಿಗೆ ಪಾಠ ಹೇಳಿ ಉಪಯೋಗವಿಲ್ಲ. ಮುಕ್ಕಾಲು ಭಾಗ ಎತ್ತಿ ಅಟ್ಟಕ್ಕೆ ಹಾಕಿದೆ. ಉಳಿದದ್ದರಲ್ಲಿ ಜಾಸ್ತಿ ಕಿತ್ತಾಟ ಆಗುತ್ತಿದ್ದವನ್ನ ಮೂರು ಮೂರು ತಂದೆ. ಚನ್ನಪಟ್ಟಣದ ಎಳೆಯೋ ಬಂಡಿ ಮೂರು, ಒಂದೇ ಬಣ್ಣದ್ದು. ಬಣ್ಣ ಬೇರೆಯಾದರೆ ಅದಕ್ಕೂ ಜಗಳ, ಅಲ್ವಾ? ಹದಿನೈದು ದಿನಕ್ಕೊಮ್ಮೆ ಅಟ್ಟದಿಂದ ಒಂದಷ್ಟು ಇಳಿಸಿ ಇಲ್ಲಿರೋದನ್ನ ಮೇಲಕ್ಕೆ ಕಳಿಸುತ್ತೇವೆ. ಹಳೇ ಸಾಮಾನೇ ಹೊಸದಾಗಿ ಬರುತ್ತದೆ.

ಆ ಭಾನುವಾರ ಮನೆಯಲ್ಲಿ ಯಾರೂ ಇಲ್ಲದಾಗ ಮಂಡಿಯೂರಿ ಇಡೀ ಮನೆ ಸುತ್ತಿದೆ. ಎರಡೂವರೆ ಅಡಿಯಿಂದ ನೋಡಿದರೆ ಅದು ಬೇರೆಯೇ ಮನೆ. ಮೇಜಿನ ಕೆಳಗೆ ತಲೆ ಹೊರಗೆ ಹಾಕಿದ ಮೊಳೆ. ಇಸ್ತ್ರಿಪೆಟ್ಟಿಗೆಗೆ ಅಂತ ಯಾರೋ ಯಾವಾಗಲೋ ತಗ್ಗಿನಲ್ಲಿ ಹಾಕಿಸಿದ ಪ್ಲಗ್ ಪಾಯಿಂಟ್, ಸರಿಯಾಗಿ ಮಗುವಿನ ಮುಖದ ಮಟ್ಟಕ್ಕೆ. ನನ್ನ ಆನೆ ಜಿರಾಫೆ, ಅಕ್ಷರಮಾಲೆ ಚಾರ್ಟು ಎಲ್ಲ ಐದಡಿ ಮೇಲೆ. ಅವನ್ನ ಅಂಟಿಸಿದ್ದು ಅಪ್ಪ ಅಮ್ಮಂದಿರು ಬಂದು ನೋಡಲಿ ಅಂತ, ಮಕ್ಕಳಿಗೆ ಅಂತ ಅಲ್ಲ. ಅದು ಅಲ್ಲೇ ಕೂತು ಅರ್ಥವಾಯಿತು. ಚಾರ್ಟು ಕಿತ್ತು, ಮಕ್ಕಳ ಕಣ್ಣಿನ ಮಟ್ಟಕ್ಕೆ ಅವರವರ ಮನೆಯವರ ಫೋಟೋ ಅಂಟಿಸಿದೆ. ಪಕ್ಕದಲ್ಲಿ ಒಡೆಯದ ಅಕ್ರಿಲಿಕ್ ಕನ್ನಡಿ. ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಪಾಯಿಂಟ್ ಮೇಲೆತ್ತಿ, ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್ಚು, ಹಾಕಿಕೊಟ್ಟರು. ಸಿಲಿಂಡರ್ ಹೊರಗೆ ಹೋಯಿತು, ಅಡುಗೆಮನೆಗೆ ಅರ್ಧ ಬಾಗಿಲು ಬಂತು. ಇವೆಲ್ಲ ಎಲ್ಲರೂ ಮಾಡುವಂಥದ್ದೇ.

ನೀರಿನ ವಿಷಯ ಹಾಗಲ್ಲ. ಮೈಸೂರಿನ ಮನೆಗಳಲ್ಲಿ ನನಗೆ ಎಲ್ಲಕ್ಕಿಂತ ಭಯ ಸಂಪಿನದು. ನಮ್ಮದಕ್ಕೆ ಕಬ್ಬಿಣದ ಮುಚ್ಚಳ ಇತ್ತು, ಬೀಗ ಇರಲಿಲ್ಲ. ನೀರು ಬಿಡುವ ದಿನ ಓನರ್ ಅಮ್ಮ ಅದನ್ನ ತೆರೆದಿಟ್ಟು ಮಹಡಿಗೆ ಹೋಗಿಬಿಡುತ್ತಿದ್ದರು. ಬೀಗ ಹಾಕಿಸಿ ಒಂದು ಕೀ ಅವರಿಗೆ, ಒಂದು ನನಗೆ ಮಾಡಿಕೊಂಡೆ. ನೀರು ತುಂಬಿಸೋದು ಮಕ್ಕಳು ಬರುವ ಮುಂಚೆ, ಇಲ್ಲಾ ಹೋದ ಮೇಲೆ ಅಂತ ಒಪ್ಪಂದ. ಸಂಪೇ ಬೇಕೆಂದಿಲ್ಲ, ಪುಟ್ಟ ಮಗು ಮುಗ್ಗರಿಸಿ ಬಿದ್ದರೆ ಬಕೆಟ್ಟಿನ ತಳದಲ್ಲಿರುವ ಒಂದೆರಡು ಇಂಚು ನೀರೂ ಜೀವ ತೆಗೆಯುತ್ತದೆ. ನಮ್ಮ ಬಚ್ಚಲಲ್ಲಿ ಬಕೆಟ್ಟುಗಳೆಲ್ಲ ಯಾವಾಗಲೂ ಬೋರಲು.

ಹಾಗಂತ ನೀರಾಟ ನಿಲ್ಲಿಸಿಲ್ಲ. ನಮ್ಮಲ್ಲಿ ಮಕ್ಕಳು ಅತಿ ಹೆಚ್ಚು ಹೊತ್ತು ಕೂರೋದೇ ಅಲ್ಲಿ. ಹಿತ್ತಲಲ್ಲಿ ಅಗಲವಾದ ಎರಡು ಬೋಗುಣಿ, ಎರಡು ಬೆರಳು ನೀರು, ಲೋಟ, ಸೌಟು, ಜರಡಿ. ಆಯಮ್ಮ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂರುತ್ತಾರೆ. ಆ ಅರ್ಧ ಗಂಟೆ ಫೋನ್ ಬಂದರೂ ಏಳೋ ಹಾಗಿಲ್ಲ. ಎದ್ದರೆ ಮೊದಲು ನೀರು ಚೆಲ್ಲಿಯೇ ಏಳಬೇಕು. ಮೊದಲು ರಾಗಿ ಸುರಿದು ತುಂಬೋ ಆಟ ಇಟ್ಟಿದ್ದೆ. "ಅನ್ನ ಕಾಲಲ್ಲಿ ತುಳಿಸ್ತೀಯಲ್ಲಮ್ಮಾ" ಅಂತ ಓನರ್ ಅಮ್ಮ ಮಹಡಿ ಮೇಲಿಂದಲೇ ಕೂಗಿದರು. ಅವರು ಹೇಳಿದ್ದು ಸರಿ ಅನ್ನಿಸಿತು, ಬಿಟ್ಟೆ.

ಆದರೆ ಅವರದೇ ಕಣಗಿಲೆ ಗಿಡದ ಬಗ್ಗೆ ನಾನು ಹೇಳಿದ್ದನ್ನ ಅವರು ಒಪ್ಪಲಿಲ್ಲ. ಅದರ ಎಲೆ, ಹೂವು, ಕಾಂಡ ಎಲ್ಲ ವಿಷ. ದಿನಾ ಪೂಜೆಗೆ ಅದರದೇ ಹೂವು ಕೀಳುವವರಿಗೆ ಆ ಮಾತು ಹೇಗೆ ರುಚಿಸುತ್ತೆ? ಕೊನೆಗೆ ಗಿಡ ಉಳಿಯಿತು, ಸುತ್ತ ತಂತಿಬೇಲಿ ಬಂತು. ಖರ್ಚು ನನ್ನದು.

ಇನ್ನು ನನ್ನ ತಪ್ಪು. ಮೂರನೇ ತಿಂಗಳಲ್ಲಿ, ನಮ್ಮ ಆಟಗಳೂ ಇರಲಿ ಅಂತ ಅಜ್ಜಿಯ ಅಳಗುಳಿ ಮಣೆ ತಂದಿಟ್ಟಿದ್ದೆ. ಅದರೊಳಗೆ ಹುಣಸೆ ಬೀಜ. ನೋಡಿದ ಅಪ್ಪ ಅಮ್ಮಂದಿರೆಲ್ಲ ಫೋಟೋ ತೆಗೆದುಕೊಂಡಿದ್ದೇ ಬಂತು. ಒಂದು ಸೋಮವಾರ ಮೂರು ವರ್ಷದ ಪುಟ್ಟಿಯೊಬ್ಬಳಿಗೆ ಮೂಗು ಸೋರುತ್ತಿತ್ತು. ನೆಗಡಿ ಅಂದುಕೊಂಡೆ. ಬುಧವಾರ ಮೂಗು ಒರೆಸುವಾಗ ನೋಡಿದರೆ ಸೋರುತ್ತಿರೋದು ಎಡಗಡೆ ಹೊಳ್ಳೆ ಒಂದೇ, ವಾಸನೆ ಬೇರೆ. ಟಾರ್ಚ್ ಬಿಟ್ಟೆ. ಒಳಗೆ ಕಂದು ಬಣ್ಣದ್ದು ಏನೋ ಹೊಳೆಯಿತು. ಚಿಮಟ ಹಾಕಿ ಎಳೆಯೋಣ ಅನ್ನಿಸಿತು. ಎಳೆಯಲು ಹೋಗಿದ್ದರೆ ಅದು ಇನ್ನೂ ಒಳಗೆ ಹೋಗುತ್ತಿತ್ತು. ಅವಳಮ್ಮನಿಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿ, ಇಬ್ಬರೂ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಓಡಿದೆವು. ಒಂದು ನಿಮಿಷದ ಕೆಲಸ. ಉಬ್ಬಿದ ಹುಣಸೆ ಬೀಜವನ್ನ ಹತ್ತಿಯ ಮೇಲಿಟ್ಟು ಅವರು ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಆವತ್ತು ರಾತ್ರಿ ಟಿಶ್ಯೂ ರೋಲಿನ ಒಳಗಿರೋ ರಟ್ಟಿನ ಕೊಳವೆ ಹಿಡಿದು ಕೂತೆ. ಮೂರು ವರ್ಷದೊಳಗಿನವರ ಆಟದ ಸಾಮಾನು ಗಂಟಲಲ್ಲಿ ಸಿಕ್ಕುವಷ್ಟು ಚಿಕ್ಕದಾ ಅಂತ ಪರೀಕ್ಷಿಸುವವರು ಬಳಸೋ ಕೊಳವೆ 31.7 ಮಿಲಿಮೀಟರ್ ಅಗಲ. ನಂದು ಅದಕ್ಕಿಂತ ಅಗಲ, ಇರಲಿ ಅಂದುಕೊಂಡೆ. ಅದರೊಳಗೆ ತೂರಿದ್ದೆಲ್ಲ ಮಕ್ಕಳ ಮನೆಯಿಂದ ಹೊರಗೆ. ಮಣಿ, ಗುಂಡಿ, ಪೆನ್ನಿನ ಮುಚ್ಚಳ, ಚೆಂದದ ಒಂದು ಚನ್ನಪಟ್ಟಣದ ಗಿಲಕಿಯ ಹಿಡಿ ಕೂಡ. ಅಳಗುಳಿ ಮಣೆ ಈಗ ನಾಲ್ಕು ದಾಟಿದವರಿಗೆ ಮಾತ್ರ, ನಾನು ಎದುರಿಗೆ ಕೂತಾಗ ಮಾತ್ರ, ಬೀಜ ಎಣಿಸಿ ಕೊಟ್ಟು ಎಣಿಸಿ ವಾಪಸ್. ಗುಲಗಂಜಿ ಹಾಕಿ ಆಡಿಸುವವರಿದ್ದಾರೆ. ದಯವಿಟ್ಟು ಬೇಡ, ಅಗಿದರೆ ಅದು ಕೊಲ್ಲುವಂಥ ವಿಷ. ಊಟದ ಡಬ್ಬಿಗೂ ಇದೇ ಕಾನೂನು. ಕಡಲೆಕಾಯಿ ಬೀಜ ಇಡಿಯಾಗಿ ಬಂದರೆ ವಾಪಸ್, ದ್ರಾಕ್ಷಿ ಬಂದರೆ ಉದ್ದಕ್ಕೆ ಸೀಳುತ್ತೇವೆ.

ಮೆಟ್ಟಿಲ ಕೆಳಗಿನ ಸಂದಿನ ಬಗ್ಗೆ ಹೇಳದಿದ್ದರೆ ಆಗಲ್ಲ. ಪೊರಕೆ, ಬಕೆಟ್ಟು ಇಡುತ್ತಿದ್ದ ಜಾಗ. ಬೆಳಗ್ಗೆ ಅಳುತ್ತಾ ಬರುವ ಹುಡುಗನೊಬ್ಬ ಹೋಗಿ ಹೋಗಿ ಅಲ್ಲೇ ನುಸುಳುತ್ತಿದ್ದ. ದಿನಾ ಎಳೆದು ತರುತ್ತಿದ್ದೆವು. ಅದೂ ಒಂದು ಗೆರೆ. ಕೊನೆಗೆ ಪೊರಕೆಯನ್ನೇ ಅಲ್ಲಿಂದ ಎತ್ತಿದೆ. ಹಾಸಿಗೆ ಹಾಸಿ, ಎರಡು ದಿಂಬು ಹಾಕಿ, ಅಮ್ಮನ ಹಳೇ ಕಾಟನ್ ಸೀರೆಯನ್ನ ಪರದೆ ಮಾಡಿ ಕಟ್ಟಿದೆ. ಪರದೆ ನೆಲದಿಂದ ಒಂದೂವರೆ ಅಡಿ ಮೇಲಕ್ಕೇ ನಿಲ್ಲುತ್ತದೆ. ಒಳಗಿರುವವರಿಗೆ ತಾವು ಬಚ್ಚಿಟ್ಟುಕೊಂಡಿದ್ದೀವಿ ಅನ್ನೋ ಖುಷಿ, ನನಗೆ ಅವರ ಕೈಕಾಲು ಕಾಣೋ ನೆಮ್ಮದಿ. ಈಗ ಆ ಹುಡುಗ ಬಂದವನೇ ಹತ್ತು ನಿಮಿಷ ಅಲ್ಲಿ ಕೂತು, ತಾನೇ ಹೊರಗೆ ಬಂದು ಬಂಡಿ ಎಳೆಯುತ್ತಾನೆ. ದಸರಾ ಮುಗಿದ ಮೇಲಂತೂ ಆ ದಿಂಬುಗಳೆಲ್ಲ ಆನೆ. ಮೇಲೆ ಪ್ಲಾಸ್ಟಿಕ್ ಸ್ಟೂಲು, ಅದೇ ಅಂಬಾರಿ.

ಕಳೆದ ವಾರ ಮತ್ತೆ ಚಾಕ್‌ಪೀಸ್ ಹಿಡಿದೆವು. ಊಟದ ಹೊತ್ತಿಗೆ 11 ಗೆರೆ. ಏಳು ಹಿತ್ತಲಿನ ಸೀಬೆ ಮರದ್ದೇ. ಅದರ ಒಂದು ಕೊಂಬೆ ನೆಲದಿಂದ ಎರಡೂವರೆ ಅಡಿಗೇ ಅಡ್ಡಕ್ಕೆ ಚಾಚಿದೆ, ಹತ್ತು ಅಂತ ಕರೆಯೋ ಹಾಗೆ. ಆಯಮ್ಮ ಕಡಿಸಿಬಿಡಿ ಅಂತಾರೆ. ಓನರ್ ಅಮ್ಮ ಮರ ಮುಟ್ಟಿದರೆ ಜೋಕೆ ಅಂತಾರೆ. ಅಮ್ಮನಿಗೆ ಫೋನ್ ಮಾಡಿದೆ. "ಕೆಳಗೆ ಏನೈತೆ?" ಅಂದರು. ಗಟ್ಟಿ ನೆಲ ಅಂದೆ. "ಮತ್ತೆ?" ಅಂದು ಸುಮ್ಮನಾದರು.

ಒಂದು ಟೆಂಪೋ ಮರಳಿಗೆ ಹೇಳಿದ್ದೇನೆ. ಭಾನುವಾರ ಬರುತ್ತೆ.