ಬಿದ್ರಿಯ ಕಪ್ಪು ಕಪ್ಪಾಗೇ ಬರಬೇಕು: ನಾನು ಚಿಕ್ಕ ಕ್ಯಾಮೆರಾ ಆರಿಸಿದ ಬಗೆ

ಬೀದರಿನಲ್ಲಿ ಬಿದ್ರಿ ಸಾಮಾನಿನ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಹೂದಾನಿ, ಡಬ್ಬಿ ಥರದವುಗಳ ಫೋಟೊ ತೆಗೆಯುವುದು ನನ್ನ ಅರ್ಧ ಕಸುಬು. ಉಳಿದರ್ಧ, ಅದೇ ಸಾಮಾನಿನ ಚಿಕ್ಕ ಚಿಕ್ಕ ವಿಡಿಯೊ ಮಾಡಿ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಲು ಕೊಡುವುದು. ನಮ್ಮ ಓಣಿಯ ಕೆಲವು ಕಾರ್ಖಾನೆಯವರು ನನ್ನನ್ನೇ ಕರೆಯುತ್ತಾರೆ. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದ ಮೇಲೆ ಹೊರಗಿನಿಂದ ಫೋಟೊ ಕೇಳುವವರು ಜಾಸ್ತಿಯಾದರು. ಆಗಲೇ ಒಂದು ಸರಿಯಾದ ಕ್ಯಾಮೆರಾ ಬೇಕೇ ಬೇಕು ಅನಿಸಿತು.

ಕೈಯಲ್ಲಿದ್ದದ್ದು 30 ಸಾವಿರ. ದೊಡ್ಡ ಡಿಎಸ್‌ಎಲ್‌ಆರ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಇಲ್ಲಿ ಕಾರ್ಖಾನೆ ಅಂದ್ರೆ ಒಂದು ಚಿಕ್ಕ ಕೋಣೆ. ನೆಲದ ಮೇಲೆ ಕುಳಿತು ಕೆಲಸ. ಅಂಥ ಕಡೆ ಉದ್ದ ಲೆನ್ಸು ಎದುರಿಗೆ ಹಿಡಿದರೆ ಉಳಿ ಹಿಡಿದವರ ಕೈ ಬಿಗಿಯಾಗುತ್ತದೆ. ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಇದ್ದರೆ ಅವರು ಮಾತಾಡುತ್ತಾ ತಮ್ಮ ಕೆಲಸ ತಾವು ಮಾಡುತ್ತಿರುತ್ತಾರೆ.

"ಫೋನ್ ಇದೆಯಲ್ಲ, ಸಾಕಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಮದುವೆ, ಜಾತ್ರೆ, ಮಕ್ಕಳ ಫೋಟೊಗೆ ಧಾರಾಳವಾಗಿ ಸಾಕು. ಬಿದ್ರಿಗೆ ಸಾಲದು. ಯಾಕೆ ಅಂತ ಹೇಳಬೇಕಾದರೆ ಬಿದ್ರಿ ಕಪ್ಪಾಗುವುದು ಹೇಗೆ ಅಂತ ಸ್ವಲ್ಪ ಹೇಳಬೇಕು.

ಬಿದ್ರಿಯ ಲೋಹದಲ್ಲಿ ಸತು ಜಾಸ್ತಿ, ತಾಮ್ರ ಸ್ವಲ್ಪ. ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿದಾಗ ಅದು ಬೆಳ್ಳಗೇ ಇರುತ್ತದೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಬಳ್ಳಿ ಹೂವು ಗೀಚಿ, ಉಳಿಯಿಂದ ಕೊರೆಯುತ್ತಾರೆ. ಕೊರೆದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಿಂದ ಬಡಿಯುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಸಾಮಾನಿಗೆ ತಿಕ್ಕುತ್ತಾರೆ. ಸತುವಿನ ಭಾಗ ಕರ್ರಗಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಮೇಲೆ ಒಂದು ಕೈ ಎಣ್ಣೆ. ಇಷ್ಟೆಲ್ಲ ಮಾಡುವುದು ಆ ಕಪ್ಪು ಮತ್ತು ಆ ಬಿಳುಪಿನ ಅಂತರಕ್ಕಾಗಿ. ಫೋನ್ ಮಾಡುವುದು ಅದರ ಉಲ್ಟಾ. ಕತ್ತಲೆ ಇದ್ದ ಕಡೆ ತಾನಾಗೇ ಬೆಳಕು ಏರಿಸುತ್ತದೆ, ಹೊಳೆಯುವ ಕಡೆ ಇಳಿಸುತ್ತದೆ, ಗೆರೆಗಳನ್ನು ಜಾಸ್ತಿ ಚೂಪು ಮಾಡುತ್ತದೆ. ಫೋನಿನಲ್ಲಿ ತೆಗೆದ ಹೂದಾನಿಯ ಫೋಟೊ ನೋಡಿ ಬಿದ್ರಿ ಮಾಡುವ ನಮ್ಮ ಚಾಚಾ ಒಂದೇ ಮಾತು ಹೇಳಿದರು: "ಇದು ನಮ್ಮ ಮಾಲ್ ಅಲ್ಲಪ್ಪ. ಕರ್ರಗ ಎಲ್ಲಿ ಅದ? ಬೂದಿ ಬಳದಂಗ ಕಾಣ್ಲತ್ತದ."

ಹಾಗಾಗಿ ನನಗೆ ಬೇಕಾದದ್ದು ಹೇಳಿದ ಮಾತು ಕೇಳುವ ಕ್ಯಾಮೆರಾ. ಮೆಗಾಪಿಕ್ಸೆಲ್ ಲೆಕ್ಕ ಪಕ್ಕಕ್ಕಿಟ್ಟೆ.

ಕ್ಯಾಮೆರಾ ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಐದಾರು ಸಾವಿರದ ಹೆಸರಿಲ್ಲದ ಮಾಲು. '4ಕೆ, 48 ಮೆಗಾಪಿಕ್ಸೆಲ್, 16 ಪಟ್ಟು ಜೂಮ್' ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ನನ್ನ ಅಕ್ಕನ ಮಗ ಅಂಥದ್ದೊಂದು ತರಿಸಿದ್ದ, ನೋಡಿದೆ. ಲೆನ್ಸು ಹೊರಗೆ ಬರುವುದೇ ಇಲ್ಲ. ಜೂಮ್ ಅಂದ್ರೆ ಚಿತ್ರವನ್ನೇ ಹಿಗ್ಗಿಸುವುದು. ಸೆನ್ಸರ್ (ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್ಪು) ಕೊಟ್ಟ ಚಿತ್ರದಲ್ಲಿ ಇಲ್ಲದ ಚುಕ್ಕೆಗಳನ್ನು ಲೆಕ್ಕ ಹಾಕಿ ತುಂಬಿ 48 ಅನ್ನುತ್ತದೆ. ಅದರಲ್ಲಿ ಬೆಳ್ಳಿ ತಂತಿ ಮತ್ತು ಸೀಮೆಸುಣ್ಣದ ಗೆರೆ ಎರಡೂ ಒಂದೇ ಥರ ಕಾಣುತ್ತವೆ. ಈ ವರ್ಗ ಪೂರ್ತಿ ಬಿಟ್ಟುಬಿಡಿ.

ಅದರ ಮೇಲಿನ ಮೆಟ್ಟಿಲಿನಲ್ಲಿ ಕ್ಯಾನನ್ ಇಕ್ಸಸ್ 185, ಸೋನಿ ಡಬ್ಲ್ಯು 830 ಥರದವು. ಒಳ್ಳೆಯ ಕಂಪನಿ, ನಿಜವಾದ 8 ಪಟ್ಟು ಆಪ್ಟಿಕಲ್ ಜೂಮ್, 20 ಮೆಗಾಪಿಕ್ಸೆಲ್. ಆದರೆ ಎರಡರಲ್ಲೂ ಹಳೆಯ ಸಿಸಿಡಿ ಸೆನ್ಸರ್, ವಿಡಿಯೊ 720 ಮಾತ್ರ. ಹಗಲಿನ ಬೆಳಕಲ್ಲಿ ಬಣ್ಣ ಚೆನ್ನಾಗೇ ಬರುತ್ತದೆ. ಈಗ ಹುಡುಗರು ಹಳೆ 'ಸಿಸಿಡಿ ಲುಕ್' ಬೇಕು ಅಂತ ಇವಕ್ಕೇ ಮುಗಿಬಿದ್ದು ಬೆಲೆ ಏರಿಸಿದ್ದಾರೆ, ಅದು ಬೇರೆ ಕಥೆ. ಇಕ್ಸಸ್ 285 ಎಚ್‌ಎಸ್ ಇವುಗಳಿಗಿಂತ ಮೇಲು: ಹೊಸ ಬಗೆಯ ಸಿಮಾಸ್ ಸೆನ್ಸರ್, 12 ಪಟ್ಟು ಜೂಮ್, 1080 ವಿಡಿಯೊ, ವೈಫೈ. ಮನೆ ಮಟ್ಟಿಗೆ ಕೇಳುವವರಿಗೆ ನಾನು ಇದನ್ನೇ ಹೇಳುವುದು.

ನನ್ನ ಕೆಲಸಕ್ಕೆ ಇವು ಯಾವುವೂ ಆಗಲಿಲ್ಲ. ಕಾರಣ ಸೆನ್ಸರ್ ಅಳತೆ. ಈ ಕ್ಯಾಮೆರಾಗಳ ಸೆನ್ಸರ್ ಸುಮಾರು 6.2 ಮಿಲಿಮೀಟರ್ ಅಗಲ, 4.6 ಎತ್ತರ. 'ಒಂದು ಇಂಚು' ವರ್ಗದ ಸೆನ್ಸರ್ 13.2ಕ್ಕೆ 8.8. ವಿಸ್ತೀರ್ಣ ಲೆಕ್ಕ ಹಾಕಿ, ನಾಲ್ಕು ಪಟ್ಟು ಬರುತ್ತದೆ. ಒಂದೇ 20 ಮೆಗಾಪಿಕ್ಸೆಲ್ಲನ್ನು ನಾಲ್ಕು ಪಟ್ಟು ದೊಡ್ಡ ಜಾಗದಲ್ಲಿ ಹರಡಿದರೆ ಒಂದೊಂದು ಚುಕ್ಕೆಗೂ ಬೆಳಕು ಜಾಸ್ತಿ ಸಿಗುತ್ತದೆ. ಚಿಕ್ಕ ಸೆನ್ಸರಿನಲ್ಲಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆಯ ಅಂಕಿ) 400 ದಾಟಿದರೆ ಕಪ್ಪಿನೊಳಗೆ ಬಣ್ಣಬಣ್ಣದ ಕಾಳು ಏಳುತ್ತದೆ. ಬೇರೆ ಫೋಟೊದಲ್ಲಿ ಅದು ಅಡಗಿಹೋಗುತ್ತದೆ. ಬಿದ್ರಿಯಲ್ಲಿ ಮುಕ್ಕಾಲು ಭಾಗ ಕಪ್ಪೇ ಇರುವುದರಿಂದ ಅದೇ ಎದ್ದು ಕಾಣುತ್ತದೆ. ಇನ್ನೊಂದು ಕೊರತೆ, ಇವುಗಳಲ್ಲಿ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ನಮ್ಮ ಕೈಗೆ ಸಿಗುವುದಿಲ್ಲ.

ಹೊಸ ಒಂದು ಇಂಚಿನ ಕ್ಯಾಮೆರಾ 30 ಸಾವಿರಕ್ಕೆ ಬರುವ ಮಾತೇ ಇಲ್ಲ. ಸೆಕೆಂಡ್ ಹ್ಯಾಂಡ್ ಒಂದೇ ದಾರಿ. ಮೂರು ಹೆಸರು ಬರೆದುಕೊಂಡೆ: ಸೋನಿ ಆರ್‌ಎಕ್ಸ್ 100ರ ಮೊದಲ ಮಾಡೆಲ್ (2012), ಅದರದ್ದೇ ಮೂರನೆಯದು ಅಂದರೆ ಮಾರ್ಕ್ 3 (2014), ಕ್ಯಾನನ್ ಜಿ7ಎಕ್ಸ್ ಮಾರ್ಕ್ 2 (2016).

ಇಲ್ಲಿ ಯಾರೂ ಗಮನಿಸದ ಒಂದು ವಿಷಯ ಹೇಳುತ್ತೇನೆ. ಕ್ಯಾಮೆರಾ ಎಷ್ಟು ಹತ್ತಿರದಿಂದ ಫೋಕಸ್ ಮಾಡುತ್ತದೆ ಅನ್ನುವುದನ್ನು ಜಾಹೀರಾತಿನಲ್ಲಿ '5 ಸೆಂಟಿಮೀಟರ್ ಮ್ಯಾಕ್ರೊ' ಅಂತ ಹಾಕಿರುತ್ತಾರೆ. ಅದು ಜೂಮ್ ಪೂರ್ತಿ ಹಿಂದಿದ್ದಾಗಿನ ಲೆಕ್ಕ. ಅಷ್ಟು ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಸಾಮಾನಿನ ಮೇಲೆ ಬೀಳುತ್ತದೆ. ಸುರಾಹಿಯ ಹೊಟ್ಟೆ ಉಬ್ಬಿ, ಕತ್ತು ಸಣಕಲಾಗಿ ಆಕಾರವೇ ಕೆಡುತ್ತದೆ. ಆಕಾರ ಸರಿ ಬರಬೇಕಾದರೆ ಸ್ವಲ್ಪ ದೂರ ನಿಂತು ಜೂಮ್ ಮಾಡಿ ತೆಗೆಯಬೇಕು. ಹಾಗೆ ಜೂಮ್ ಮಾಡಿದಾಗ ಎಷ್ಟು ಹತ್ತಿರ ಸಾಧ್ಯ? ಆರ್‌ಎಕ್ಸ್ 100 ಮೊದಲನೆಯದರಲ್ಲಿ 55 ಸೆಂಟಿಮೀಟರ್. ಜಿ7ಎಕ್ಸ್ ಮಾರ್ಕ್ 2ರಲ್ಲಿ 40. ಮಾರ್ಕ್ 3ರಲ್ಲಿ 30. ಕಿವಿಯೋಲೆ, ಕೋಟಿನ ಗುಂಡಿ ಥರದ ಚಿಕ್ಕ ಸಾಮಾನಿಗೆ ಈ ಅಂಕಿಯನ್ನೇ ಮೊದಲು ನೋಡಬೇಕು. ಕ್ಯಾನನ್ 100 ಮಿಲಿಮೀಟರ್‌ವರೆಗೆ ಜೂಮ್ ಆಗುತ್ತದೆ, ಮಾರ್ಕ್ 3 ಬರೀ 70ರವರೆಗೆ, ಹಾಗಾಗಿ ಆ ಎರಡರ ನಡುವೆ ಸಾಮಾನು ಕಾಣುವ ಅಳತೆಯಲ್ಲಿ ತುಂಬಾ ವ್ಯತ್ಯಾಸ ಬರಲಿಲ್ಲ. ಆದರೆ ಮೊದಲ ಆರ್‌ಎಕ್ಸ್ 100 ಪಟ್ಟಿಯಿಂದ ಹೊರಗೆ ಹೋಯಿತು. ಅದರ ಪರದೆ ಬಗ್ಗುವುದೂ ಇಲ್ಲ. ನೆಲಕ್ಕೆ ಕುಳಿತು ಕೆಲಸ ಮಾಡುವವರ ಕೈ ತೆಗೆಯಬೇಕಾದ ನನಗೆ ಬಗ್ಗುವ ಪರದೆ ಇಲ್ಲದಿದ್ದರೆ ಸೊಂಟ ಹೋಗುತ್ತದೆ.

ಜೂಮಿನ ಇನ್ನೊಂದು ತುದಿಯೂ ಮುಖ್ಯ. ಈ ಅಂಕಿ ಚಿಕ್ಕದಾದಷ್ಟೂ ಚಿತ್ರದಲ್ಲಿ ಹೆಚ್ಚು ಜಾಗ ಹಿಡಿಸುತ್ತದೆ. ಮಾರ್ಕ್ 3, ಜಿ7ಎಕ್ಸ್ ಎರಡೂ 24 ಮಿಲಿಮೀಟರಿನಿಂದ ಶುರು. ಅಗ್ಗದ ಕ್ಯಾಮೆರಾಗಳಲ್ಲಿ 28 ಮಾಮೂಲು. ಕಾಗದದ ಮೇಲೆ ನಾಲ್ಕೇ ಮಿಲಿಮೀಟರ್. ಮಹಮೂದ್ ಗವಾನ್ ಮದರಸಾದ ಮಿನಾರಿನ ಹತ್ತಿರ ನಿಂತು ನೋಡಿ, ಆಗ ತಿಳಿಯುತ್ತದೆ. 24ರಲ್ಲಿ ತುದಿಯಿಂದ ಬುಡದವರೆಗೆ ಬರುತ್ತದೆ, 28ರಲ್ಲಿ ಹಿಂದೆ ಹಿಂದೆ ಸರಿಯಬೇಕು, ಹಿಂದೆ ಆಟೊ ನಿಂತಿರುತ್ತದೆ.

ಖರೀದಿಗೆ ಹೈದರಾಬಾದಿಗೆ ಹೋದೆ. ಬೀದರಿನವರಿಗೆ ಬೆಂಗಳೂರಿಗಿಂತ ಅಲ್ಲಿನ ಕೋಠಿ ಹತ್ತಿರ. ಹೋಗುವಾಗ ಚೀಲದಲ್ಲಿ ಇಟ್ಟುಕೊಂಡದ್ದು: ನನ್ನದೇ 64 ಜಿಬಿ ಮೆಮರಿ ಕಾರ್ಡ್, ಹಳೆಯ ಲ್ಯಾಪ್‌ಟಾಪ್, ಚಾಚಾ ಕೊಟ್ಟ ಬಿದ್ರಿಯ ಚಿಕ್ಕ ಡಬ್ಬಿ. ಅಂಗಡಿಯಲ್ಲಿ ಡಬ್ಬಿಯನ್ನು ಕೌಂಟರ್ ಮೇಲಿಟ್ಟು ಎರಡೂ ಕ್ಯಾಮೆರಾದಲ್ಲಿ ಒಂದೇ ರೀತಿ ತೆಗೆದೆ. ಅಂಗಡಿಯವರು ನಕ್ಕರು, "ಆರಾಮ್‌ಸೇ ದೇಖೋ ಭಾಯ್" ಅಂದರು. ಬೇಡ ಅನ್ನದವರ ಹತ್ತಿರವೇ ಕೊಳ್ಳಿ. ಕಾರ್ಡ್ ಹಾಕಲು ಬಿಡದ ಅಂಗಡಿಯಿಂದ ಸುಮ್ನೆ ಎದ್ದು ಬನ್ನಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ನಾನು ಮಾಡುವುದು ಇಷ್ಟು. ಪೂರ್ತಿ ಜೂಮ್ ಮಾಡಿ, ಅಪರ್ಚರ್ ಎಫ್ 11ಕ್ಕೆ ಇಟ್ಟು, ಬಿಳಿ ಗೋಡೆ ಅಥವಾ ಆಕಾಶದ ಫೋಟೊ. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿದಾಗ ಮಸುಕು ಕಲೆ ಕಂಡರೆ ಒಳಗೆ ಧೂಳು ಕೂತಿದೆ ಅಂತ ಅರ್ಥ. ಹೊರಗೆ ಒಳಗೆ ಚಲಿಸುವ ಲೆನ್ಸು ಧೂಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅದನ್ನು ತೆಗೆಯಬೇಕಾದರೆ ಕ್ಯಾಮೆರಾ ಪೂರ್ತಿ ಬಿಚ್ಚಬೇಕು. ಆಮೇಲೆ ಕಿವಿ ಹತ್ತಿರ ಹಿಡಿದು ಆನ್ ಆಫ್ ಮಾಡುತ್ತೇನೆ. ಕರಕರ ಅಂದರೆ ವಾಪಸ್. ಪರದೆಯನ್ನು ಪೂರ್ತಿ ಬಗ್ಗಿಸಿ, ಚಿತ್ರ ಮಿಣುಕುತ್ತದಾ ನೋಡಬೇಕು. ಬ್ಯಾಟರಿ ಹೊರತೆಗೆದು ಮೇಜಿನ ಮೇಲೆ ಮಲಗಿಸಿ, ಉಬ್ಬಿದ್ದರೆ ತೂಗಾಡುತ್ತದೆ.

ಸೋನಿಗೆ ಮಾತ್ರ ಒಂದು ವಿಶೇಷ ಪರೀಕ್ಷೆ: ಮೆನುವಿನಲ್ಲಿ ಭಾಷೆ ನೋಡಿ. ಜಪಾನಿನಲ್ಲಿ ಮಾರಾಟಕ್ಕೆ ಮಾಡಿದ ಸೋನಿ ಕ್ಯಾಮೆರಾಗಳಲ್ಲಿ ಜಪಾನಿ ಭಾಷೆ ಬಿಟ್ಟು ಬೇರೆ ಇರುವುದಿಲ್ಲ. ಅಂಥವು ಸೆಕೆಂಡ್ ಹ್ಯಾಂಡ್ ಬಜಾರಿಗೆ ಬಂದು ಅಗ್ಗಕ್ಕೆ ಹೋಗುತ್ತಿರುತ್ತವೆ. ಅದೇ ಮೆನುವಿನಲ್ಲಿ ಪಾಲ್ ಮತ್ತು ಎನ್‌ಟಿಎಸ್‌ಸಿ ಅನ್ನುವ ಎರಡು ವಿಡಿಯೊ ಪದ್ಧತಿಗಳನ್ನು ಬದಲಿಸುವ ಜಾಗ ಇದೆಯಾ ಅಂತಲೂ ನೋಡಿಕೊಳ್ಳಿ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಕೆಳಗೆ ಸೆಕೆಂಡಿಗೆ 30 ಫ್ರೇಮಿನ ವಿಡಿಯೊ ಮಾಡಿದರೆ ಪಟ್ಟೆ ಪಟ್ಟೆಯಾಗಿ ಬೆಳಕು ಮಿಣುಕಬಹುದು. ಪಾಲ್‌ಗೆ ಬದಲಿಸಿ, 25 ಫ್ರೇಮು ಇಟ್ಟು, ಶಟರ್ ವೇಗವನ್ನು ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕೆ ನಿಲ್ಲಿಸಿದರೆ ಆ ತೊಂದರೆ ತಪ್ಪುತ್ತದೆ.

ಕೊನೆಗೆ ತಂದದ್ದು ಆರ್‌ಎಕ್ಸ್ 100 ಮಾರ್ಕ್ 3. ಜಿ7ಎಕ್ಸ್ ಬೆಲೆ ನನ್ನ ಕೈಗೆ ಮೀರಿತ್ತು. ಅದರಲ್ಲಿ ಮುಟ್ಟಿ ಫೋಕಸ್ ಮಾಡುವ ಪರದೆ ಇದೆ, ಇದರಲ್ಲಿ ಇಲ್ಲ, ಅದೊಂದು ಆಸೆ ಉಳಿಯಿತು.

ಈಗ ಕೆಲಸ ಹೀಗೆ ನಡೆಯುತ್ತದೆ. ಕಿಟಕಿಯ ಪಕ್ಕ ಸಾಮಾನು ಇಡುತ್ತೇನೆ. ಕಿಟಕಿಗೆ ಬಿಳಿ ಧೋತರ ಕಟ್ಟುತ್ತೇನೆ, ಇಲ್ಲದಿದ್ದರೆ ಬೆಳ್ಳಿಯಲ್ಲಿ ಕಿಟಕಿಯ ಸರಳೂ ಕಾಣುತ್ತದೆ, ನನ್ನ ಮುಖವೂ ಕಾಣುತ್ತದೆ. ಕ್ಯಾಮೆರಾ ಚಿಕ್ಕ ಟ್ರೈಪಾಡಿನ ಮೇಲೆ, ಮೋಡು 'ಎ' (ಅಪರ್ಚರ್ ನಾವೇ ಆರಿಸುವುದು), ಅಪರ್ಚರ್ ಎಫ್ 5.6 ಅಥವಾ 8. ಕಿಂಡಿ ಪೂರ್ತಿ ತೆರೆದು ಎಫ್ 1.8 ಅಂತ ಹೆಮ್ಮೆಪಟ್ಟು ಅಲ್ಲೇ ಇಟ್ಟರೆ ಡಬ್ಬಿಯ ಅಂಚು ಮಾತ್ರ ಸ್ಪಷ್ಟ, ಹೂವೆಲ್ಲ ಮಬ್ಬು. ಐಎಸ್‌ಒ 125. ಎರಡು ಸೆಕೆಂಡಿನ ಟೈಮರ್. ಆಮೇಲೆ ಮುಖ್ಯವಾದದ್ದು: ಎಕ್ಸ್‌ಪೋಷರ್ ಮೈನಸ್ 1ರ ಆಸುಪಾಸು. ಕ್ಯಾಮೆರಾದ ಮೀಟರ್ ಎದುರಿಗೆ ಏನೇ ಇರಲಿ, ಅದನ್ನು ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಸಾಮಾನು ಕಂಡರೆ ಬೆಳಕು ಜಾಸ್ತಿ ಬಿಡುತ್ತದೆ. ಚಾಚಾ ಹೇಳಿದ ಬೂದಿ ಅದೇ. ಮೈನಸ್ ಮಾಡಿದ ಕೂಡಲೇ ಕಪ್ಪು ತನ್ನ ಜಾಗಕ್ಕೆ ಬರುತ್ತದೆ, ಬೆಳ್ಳಿಯ ಗೆರೆಯೂ ಉರಿದು ಹೋಗುವುದಿಲ್ಲ. ಈ ಮೈನಸ್ ಆಯ್ಕೆ ಇಕ್ಸಸ್ ಥರದ ಕ್ಯಾಮೆರಾದಲ್ಲೂ ಇರುತ್ತದೆ, ಇರುವವರು ಇವತ್ತೇ ಮಾಡಿ ನೋಡಿ.

ವಿಡಿಯೊದಲ್ಲಿ ಗಿರಾಕಿಗಳು ತಿರುಗಿ ತಿರುಗಿ ನೋಡುವುದು ಮಣ್ಣು ತೊಳೆಯುವ ಗಳಿಗೆ. ಕೆಸರು ಮೆತ್ತಿದ ಸಾಮಾನಿನ ಮೇಲೆ ನೀರು ಬೀಳುತ್ತದೆ, ಕೆಸರು ಇಳಿಯುತ್ತದೆ, ಕಪ್ಪಿನಲ್ಲಿ ಬೆಳ್ಳಿ ಎದ್ದು ಬರುತ್ತದೆ. ಆ ಹೊತ್ತಿಗೆ ಆಟೊ ಫೋಕಸ್ ನಂಬಬಾರದು. ನೀರಿನ ಹನಿಗೆ ಒಮ್ಮೆ, ಕೈಗೆ ಒಮ್ಮೆ ಓಡಾಡುತ್ತದೆ. ಮೊದಲೇ ಮ್ಯಾನ್ಯುಯಲ್ ಫೋಕಸ್ ಮಾಡಿ, ಪೀಕಿಂಗ್ ಆನ್ ಇಟ್ಟು, ಅಂಚಿನಲ್ಲಿ ಬಣ್ಣದ ಗೆರೆ ಮೂಡಿದ ಮೇಲೆ ಬಿಟ್ಟುಬಿಡುತ್ತೇನೆ. ಈ ಕ್ಯಾಮೆರಾದ ಒಳ್ಳೆಯ ವಿಡಿಯೊ ಗುಣಮಟ್ಟಕ್ಕೆ ಎಸ್‌ಡಿಎಕ್ಸ್‌ಸಿ ಕಾರ್ಡೇ, ಅಂದರೆ 64 ಜಿಬಿ ಅಥವಾ ಅದರ ಮೇಲಿನದೇ, ಬೇಕು. 32 ಜಿಬಿ ಕಾರ್ಡ್ ಹಾಕಿದರೆ ಆ ಮೋಡಿನಲ್ಲಿ ರೆಕಾರ್ಡ್ ಮಾಡುವುದೇ ಇಲ್ಲ. 64 ಜಿಬಿ ಒಯ್ದದ್ದು ಅದಕ್ಕೇ.

ಹೊರಗಿನ ಮೈಕ್ ಚುಚ್ಚಲು ಇದರಲ್ಲಿ ಜಾಗ ಇಲ್ಲ. ಇಂಥ ಅಗ್ಗದ ಕ್ಯಾಮೆರಾಗಳಲ್ಲಿ ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಕ್ಯಾನನ್ ಜಿ7ಎಕ್ಸ್ ಮಾರ್ಕ್ 3, ಸೋನಿ ಝಡ್‌ವಿ 1 ಮಟ್ಟಕ್ಕೆ ಹೋದರೆ ಸಿಗುತ್ತದೆ. ನಾನು ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡುತ್ತೇನೆ. ಫೋನು ಚಾಚಾರ ಅಂಗಿಯ ಜೇಬಿನಲ್ಲಿ, ಏರೋಪ್ಲೇನ್ ಮೋಡಿನಲ್ಲಿ. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎರಡನ್ನೂ ಆಮೇಲೆ ಜೋಡಿಸುವುದು ಸುಲಭ.

ಬಜೆಟ್ಟಿನಲ್ಲಿ ಎರಡು ಮೂರು ಸಾವಿರ ಉಳಿಸಿಕೊಳ್ಳಿ. ಒಂದು ಹೆಚ್ಚುವರಿ ಬ್ಯಾಟರಿ ಬೇಕು, ವಿಡಿಯೊ ಮಾಡಿದರೆ ಮೊದಲನೆಯದು ಬೇಗ ಮುಗಿಯುತ್ತದೆ. ಜಿಪ್ ಇರುವ ಪುಟ್ಟ ಚೀಲವೂ ಬೇಕು. ಕಲಬುರಗಿ, ಯಾದಗಿರಿ ಕಡೆಯ ಬೇಸಿಗೆಯ ಧೂಳಿಗೆ ಪ್ಯಾಂಟಿನ ಜೇಬು ಸಾಲದು. ಬಿಸಿಲಿನಲ್ಲಿ ಉದ್ದ ವಿಡಿಯೊ ಎಳೆದರೆ ಕ್ಯಾಮೆರಾ ಬಿಸಿಯಾಗಿ ತಾನೇ ನಿಲ್ಲುತ್ತದೆ, ತುಂಡು ತುಂಡಾಗಿ ತೆಗೆಯಿರಿ.

ಹೊನ್ನಿಕೇರಿಯ ಕೃಷ್ಣಮೃಗ, ಬೋನಾಳ ಕೆರೆಯ ಹಕ್ಕಿ ತೆಗೆಯುವ ಆಸೆ ಇದ್ದವರಿಗೆ ನನ್ನ ಕ್ಯಾಮೆರಾ ಕೆಲಸಕ್ಕೆ ಬರುವುದಿಲ್ಲ. ಅವರು ಕ್ಯಾನನ್ ಎಸ್‌ಎಕ್ಸ್ 740 ಥರದ್ದು ನೋಡಬಹುದು, 40 ಪಟ್ಟು ಜೂಮ್ ಇದೆ. ಸೆನ್ಸರ್ ಮಾತ್ರ ಚಿಕ್ಕದೇ. ಬೆಳಗಿನ ಒಳ್ಳೆಯ ಬಿಸಿಲಿಗೆ ಅಡ್ಡಿಯಿಲ್ಲ, ಸಂಜೆ ಮಬ್ಬಿನಲ್ಲಿ ಜಿಂಕೆಯ ಕಪ್ಪು ಬೆನ್ನಿನ ಮೇಲೂ ಅದೇ ಕಾಳು ಏಳುತ್ತದೆ.