ಹೊಸ ಕಾರಿನ ಹೊಳಪು: ಒಣಬಟ್ಟೆ ಬದಿಗಿಡಿ, ನೀರು ಹಿಡಿಯಿರಿ

ಹೊಸ ಕಾರಿಗೆ ಮೊದಲ ಗೀರುಗಳು ಬೀಳುವುದು ಹೆಚ್ಚಾಗಿ ಮನೆಯಂಗಳದಲ್ಲೇ. ಬೆಳಿಗ್ಗೆ ಎದ್ದವರೇ ಹಳೆಯ ಬನಿಯನ್ನೋ ಪಂಚೆಯ ತುಂಡನ್ನೋ ಹಿಡಿದು ಬಾನೆಟ್ ಒರೆಸುವ ಪ್ರೀತಿಯೇ ಅದಕ್ಕೆ ಕಾರಣ. ಕೋಲಾರದ ಕೆಂಪು ದೂಳಿನಲ್ಲಿ, ಅದರಲ್ಲೂ ಕಲ್ಲು ಕ್ವಾರಿ, ಜಲ್ಲಿ ಕ್ರಷರ್‌ಗಳ ಸುತ್ತಮುತ್ತ, ಗ್ರಾನೈಟ್ ಪುಡಿ ಬೆರೆತಿರುತ್ತದೆ. ಒಣಬಟ್ಟೆಯಲ್ಲಿ ಅದನ್ನು ಎಳೆದರೆ ಉಪ್ಪುಕಾಗದ ಉಜ್ಜಿದಂತೆ.

ಕಾರಿನ ಬಣ್ಣದ ಎಲ್ಲ ಪದರಗಳೂ ಸೇರಿ ಸುಮಾರು 100ರಿಂದ 120 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪ ಇರುತ್ತವೆ. ಹೊಳಪೆಲ್ಲ ಇರುವುದು ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಲ್ಲಿ. ಅದು 40 ಮೈಕ್ರಾನ್ ಆಸುಪಾಸು. ಗೀರು ತೆಗೆಯಲು ಪಾಲಿಶ್ ಮಾಡಿಸಿದಾಗಲೆಲ್ಲ ಸವೆಯುವುದು ಇದೇ.

ತೊಳೆಯುವ ಮೊದಲು ಕಾರನ್ನು ನೆರಳಿಗೆ ತನ್ನಿ, ಬಾನೆಟ್ ತಣ್ಣಗಾಗಲಿ. ಚಕ್ರಗಳನ್ನು ಬೇರೆ ಬಕೆಟ್, ಬೇರೆ ಬಟ್ಟೆಯಲ್ಲಿ ಮೊದಲೇ ಮುಗಿಸಿಬಿಡಿ; ಬ್ರೇಕ್‌ನ ಲೋಹದ ಪುಡಿ ಅಂಟಿದ ಆ ಬಟ್ಟೆ ಬಣ್ಣವನ್ನು ಮುಟ್ಟಬಾರದು. ನಂತರ ಮೇಲಿನಿಂದ ಕೆಳಕ್ಕೆ ಬರಿಯ ನೀರು ಹಾಯಿಸಿ. ಇಲ್ಲಿ ಆತುರ ಬೇಡ: ನೀರು ಎಷ್ಟು ದೂಳು ಇಳಿಸುತ್ತದೋ ಅಷ್ಟು ಕೆಲಸ ಬಟ್ಟೆಗೆ ಕಡಿಮೆ.

ಈಗ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರಿಯ ನೀರು. ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ, ಒತ್ತದೆ, ನೇರವಾಗಿ ಎಳೆಯಿರಿ. ಒಂದು ಭಾಗ ಮುಗಿದೊಡನೆ ಬಟ್ಟೆಯನ್ನು ಬರಿಯ ನೀರಿನಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂಗೆ. ಮೊದಲು ಮೇಲ್ಛಾವಣಿ, ಕೊನೆಗೆ ಬಾಗಿಲುಗಳ ಕೆಳಭಾಗ. ಬಟ್ಟೆ ನೆಲಕ್ಕೆ ಬಿತ್ತೇ? ಅದನ್ನು ಮರೆತು ಬೇರೆಯದನ್ನು ಎತ್ತಿಕೊಳ್ಳಿ. ಪಾತ್ರೆ ತೊಳೆಯುವ ಸೋಪು ಬಣ್ಣದ ರಕ್ಷಣೆಗೆ ಹಚ್ಚಿದ ವ್ಯಾಕ್ಸ್ (ಮೇಣ) ಅನ್ನೂ ತೊಳೆದುಬಿಡುತ್ತದೆ, ಆದ್ದರಿಂದ ಅದು ಅಡುಗೆಮನೆಯಲ್ಲೇ ಇರಲಿ.

ನಮ್ಮ ಕಡೆ ನಿಜವಾದ ತಲೆನೋವು ನೀರಿನದು. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳಿರುತ್ತವೆ. ಹನಿ ಆವಿಯಾದರೂ ಲವಣ ಉಳಿದು ಬಿಳಿ ಉಂಗುರ ಕಟ್ಟುತ್ತದೆ; ಬಿಸಿಲಿನಲ್ಲಿ ಬಿಟ್ಟರೆ ಕ್ಲಿಯರ್ ಕೋಟ್‌ನೊಳಗೇ ಇಳಿಯುತ್ತದೆ. ಹಾಗಾಗಿ ಗಾಳಿಗೆ ಒಣಗಲು ಬಿಡದೆ, ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ನೀರನ್ನು ಹೀರಿಸಿ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಸುತ್ತಿಗೆ ಅದನ್ನೇ ಬಳಸಿ. ಆರ್‌ಒ ಯಂತ್ರದಿಂದ ಹೊರಬರುವ ತ್ಯಾಜ್ಯ ನೀರನ್ನು ಕಾರಿಗೆ ಸುರಿಯುವವರಿದ್ದಾರೆ. ಉಳಿತಾಯದ ಉದ್ದೇಶ ಒಳ್ಳೆಯದೇ, ಆದರೆ ಅದರಲ್ಲಿ ಲವಣ ಇನ್ನೂ ಹೆಚ್ಚು, ಅದು ಅಂಗಳಕ್ಕಾಗಲಿ. ಈಗಾಗಲೇ ಕಲೆ ಬಿದ್ದಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಒಂದು ನಿಮಿಷ ಒತ್ತಿ ಹಿಡಿದು, ಚೆನ್ನಾಗಿ ತೊಳೆಯಿರಿ.

ಶ್ರೀನಿವಾಸಪುರದ ಕಡೆಯವರಿಗೆ ಇನ್ನೊಂದು ಮಾತು. ಮಾವು ಹೂ ಬಿಡುವ ಕಾಲದಲ್ಲಿ ಜಿಗಿಹುಳುಗಳು ಸುರಿಸುವ ಅಂಟು ದ್ರವ ಮರದಡಿ ನಿಂತ ಕಾರಿನ ಮೇಲೆಲ್ಲ ಬೀಳುತ್ತದೆ. ಅದಾಗಲಿ, ಹಕ್ಕಿಯ ಹಿಕ್ಕೆಯಾಗಲಿ, ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿಟ್ಟರೆ ತಾನೇ ಬಿಡುತ್ತದೆ. ಆಯುಧ ಪೂಜೆಯ ಕುಂಕುಮವನ್ನು ಗಾಜಿನ ಮೇಲೆ ಇಟ್ಟರೆ ಬಣ್ಣಕ್ಕೆ ಕಲೆಯಾಗುವ ಭಯವಿಲ್ಲ.

ಇನ್ನು ರಕ್ಷಣೆ. ಕಾರ್ಖಾನೆಯಲ್ಲಿ ಬಣ್ಣವನ್ನು ಒಲೆಯಲ್ಲಿ ಬೇಯಿಸಿಯೇ ಗಟ್ಟಿ ಮಾಡಿರುವುದರಿಂದ ಹೊಸ ಕಾರಿಗೆ ಮೊದಲ ವಾರವೇ ವ್ಯಾಕ್ಸ್ ಹಚ್ಚಬಹುದು. ವಾರಗಟ್ಟಲೆ ಕಾಯಬೇಕಾದದ್ದು ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ ಭಾಗಕ್ಕೆ ಮಾತ್ರ. ವ್ಯಾಕ್ಸ್ ಒಂದೆರಡು ತಿಂಗಳು ನಿಲ್ಲುತ್ತದೆ, ವ್ಯಾಕ್ಸ್‌ನಂತೆಯೇ ಹಚ್ಚುವ ಕೃತಕ ಲೇಪವಾದ ಸಿಂಥೆಟಿಕ್ ಸೀಲೆಂಟ್ ಅದಕ್ಕಿಂತ ಹೆಚ್ಚು. ಕಾರು ಕೊಳ್ಳುವಾಗಲೇ ಶೋರೂಮಿನವರು ಬಣ್ಣದ ಮೇಲೆ ಗಟ್ಟಿ ಪದರವಾಗಿ ಕೂರುವ ಸೆರಾಮಿಕ್ ಕೋಟಿಂಗ್‌ಗೆ ದುಂಬಾಲು ಬೀಳುತ್ತಾರೆ. ಅದು ವರ್ಷಗಟ್ಟಲೆ ಬಾಳುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ, ನಿಜ. ಆದರೆ ಕಲ್ಲೇಟನ್ನು ತಡೆಯುವುದಿಲ್ಲ, ಗಡಸು ನೀರಿನ ಕಲೆಯಿಂದಲೂ ಪೂರ್ತಿ ಪಾರು ಮಾಡುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ ದಿನವೂ ಜಲ್ಲಿ ಲಾರಿಗಳ ಹಿಂದೆ ಬೆಂಗಳೂರಿಗೆ ಓಡಾಡುವವರು ಆ ದುಡ್ಡನ್ನು ಬಾನೆಟ್ ಮತ್ತು ಮುಂದಿನ ಬಂಪರ್‌ಗೆ ಪಾರದರ್ಶಕ ರಕ್ಷಣಾ ಫಿಲ್ಮ್ ಹಾಕಿಸಲು ಬಳಸುವುದು ಮೇಲು. ಉಳಿದವರಿಗೆ ಒಂದು ಡಬ್ಬಿ ವ್ಯಾಕ್ಸ್ ಸಾಕು.