ಯುಪಿಕ್ ಕುಣಿತ: ಮೊದಲು ಮಂಡಿ, ಆಮೇಲೆ ಕೈ

ಅಮೆರಿಕದ ಅಲಾಸ್ಕಾದ ಬೆಥೆಲ್‌ಗೆ ಹೊರಗಿನಿಂದ ರಸ್ತೆ ಇಲ್ಲ. ವಿಮಾನದಲ್ಲೋ ನದಿಯ ದಾರಿಯಲ್ಲೋ ಬರಬೇಕು. ಕಸ್ಕೊಕ್ವಿಮ್ ನದಿ ದಂಡೆಯ ಈ ಊರಲ್ಲಿ ನಾನು ಟೀಚರ್. ಇಲ್ಲಿನ ಮೂಲನಿವಾಸಿಗಳಾದ ಯುಪಿಕ್ ಜನರ ಕುಣಿತ 'ಯುರಕ್' ಕಲಿತದ್ದು ನನ್ನ ಮಕ್ಕಳ, ಅಂದರೆ ಶಾಲೆಯ ಮಕ್ಕಳ, ಅಜ್ಜಿಯರ ಹತ್ತಿರ.

ಯುರಕ್‌ನಲ್ಲಿ ಗಂಡಸರು ಮುಂದೆ ಮಂಡಿಯೂರುತ್ತಾರೆ, ಹೆಂಗಸರು ಅವರ ಹಿಂದೆ ನಿಂತು ಕುಣಿಯುತ್ತಾರೆ. ಡೋಲು ಬಡಿಯುವವರೇ ಹಾಡುತ್ತಾರೆ. ಅಗಲವಾದ ತೆಳು ಡೋಲು, ಉದ್ದನೆಯ ಸಣ್ಣ ಕೋಲು. ಹಿಂದೆ ಡೋಲಿಗೆ ವಾಲ್ರಸ್ ಎಂಬ ದೊಡ್ಡ ಕಡಲಪ್ರಾಣಿಯ ಹೊಟ್ಟೆಯ ಪೊರೆ ಬಿಗಿಯುತ್ತಿದ್ದರು, ಈಗ ಜಾಸ್ತಿ ನೈಲಾನ್ ಬಟ್ಟೆ.

ನಾನು ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವಳು. ಅರಮಂಡಿಯಲ್ಲಿ ಕೂತು ಪಾದದಲ್ಲಿ ತಾಳ ಹಾಕುವುದು ಮೈಗೆ ಹತ್ತಿತ್ತು. ಇಲ್ಲಿ ಹೆಂಗಸರ ಪಾದ ನೆಲ ಬಿಡುವುದೇ ಇಲ್ಲ. ತಾಳವೆಲ್ಲ ಮಂಡಿಯಲ್ಲಿ. ಅದಕ್ಕೇ ಬಹಳ ದಿನ ನಾನು ಕೈ ಎತ್ತಲಿಲ್ಲ. ಅಜ್ಜಿಯರ ಪಕ್ಕ ನಿಂತು, ಡೋಲಿನ ಪ್ರತಿ ಪೆಟ್ಟಿಗೂ ಮಂಡಿ ಮಡಚಿ ಬಿಡುತ್ತಿದ್ದೆ, ಅಷ್ಟೇ. ಯೋಚನೆ ಮಾಡದೆ ಅದು ಬರತೊಡಗಿದ ಮೇಲೆ ಕೈ ಸೇರಿಸಿದೆ. ಹೊಸಬರಿಗೂ ನಾನು ಇದನ್ನೇ ಹೇಳುತ್ತೇನೆ.

ಕಥೆ ಇರುವುದು ಕೈಯಲ್ಲಿ. ಸೀಲ್ ಬೇಟೆ, ಕಾಡುಹಣ್ಣು ಕೀಳುವುದು, ಬ್ಯಾಸ್ಕೆಟ್‌ಬಾಲ್ ಕೂಡ ಹಾಡಾಗಿದೆ! ಹೆಂಗಸರ ಬೀಸಣಿಗೆ ಹುಲ್ಲಿನಲ್ಲಿ ಹೆಣೆದು ಅಂಚಿಗೆ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಯ ಕೂದಲು ಸೇರಿಸಿದ್ದು. ಗಂಡಸರದು ಮರದ್ದು, ಅದಕ್ಕೆ ಹಕ್ಕಿಯ ಗರಿ. ಬೀಸಣಿಗೆ ಹಿಡಿದ ಮೇಲೆ ಬೆರಳಿನ ಮುದ್ರೆಗೆ ಎಲ್ಲಿ ಜಾಗ? ಎಲ್ಲವನ್ನೂ ಮಣಿಕಟ್ಟೇ ಹೇಳಬೇಕು. ನನಗೆ ಅತಿ ಇಷ್ಟವಾದದ್ದು ಇದೇ.

ಹಾಡು ಮೆಲ್ಲಗೆ ಶುರುವಾಗುತ್ತದೆ. ಅದನ್ನೇ ಮತ್ತೆ ಮತ್ತೆ ಹಾಡುತ್ತಾ ಡೋಲು ಜೋರಾಗುತ್ತದೆ, ಕುಣಿತವೂ ಬಿರುಸಾಗುತ್ತದೆ. ಮುಗಿಯಿತು ಅನ್ನುವಷ್ಟರಲ್ಲಿ ಜನ 'ಪಮ್ಯುವಾ!' ಅಂತ ಕೂಗುತ್ತಾರೆ. ಇನ್ನೊಂದು ಸಲ ಕುಣಿಯಲೇಬೇಕು. ಶುರುವಿನಲ್ಲೇ ಶಕ್ತಿಯೆಲ್ಲ ಖರ್ಚು ಮಾಡಿಬಿಟ್ಟರೆ ಕಷ್ಟ.

1885ರಲ್ಲಿ ಮೊರೇವಿಯನ್ ಪಂಥದ ಕ್ರೈಸ್ತ ಮಿಷನರಿಗಳು ಬೆಥೆಲ್‌ಗೆ ಬಂದರು. ಅವರಿಗೆ ಈ ಕುಣಿತ ಬೇಡವಾಗಿತ್ತು. ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಅದು ನಿಂತೇ ಹೋಯಿತು. ಹಾಡುಗಳನ್ನು ನೆನಪಿಟ್ಟುಕೊಂಡಿದ್ದ ಹಿರಿಯರಿಂದ ಮತ್ತೆ ಬಂತು. ಇಷ್ಟು ಕಷ್ಟಪಟ್ಟು ಉಳಿಸಿಕೊಂಡಿದ್ದಾರೆ, ಅಲ್ವಾ? ಹಾಗಾಗಿ ನಾನು ಒಂದು ಕೈಬೀಸನ್ನೂ ನನ್ನಿಷ್ಟಕ್ಕೆ ಬದಲಿಸುವುದಿಲ್ಲ. ಹಾಡು ಯಾರು ಕಟ್ಟಿದ್ದು, ಯಾವ ಮನೆಯದು, ನಾನು ಕುಣಿಯಬಹುದಾ ಅಂತ ಕೇಳಿಯೇ ಕಲಿಯುತ್ತೇನೆ. ವಿಡಿಯೊ ಹಾಕುವ ಮುಂಚೆಯೂ ಕೇಳುತ್ತೇನೆ. ಬೇಡ ಅಂದ ಹಾಡನ್ನು ಅಲ್ಲೇ ಬಿಡುತ್ತೇನೆ. ಸರಿ ಅಂದದ್ದನ್ನು ಇಲ್ಲಿನ ಕುಣಿತದ ಹಬ್ಬವಾದ ಚಮಾಯ್‌ನಲ್ಲಿ ಅಜ್ಜಿಯರ ಸಾಲಿನಲ್ಲಿ ನಿಂತು ಕುಣಿಯುತ್ತೇನೆ.